ಆಫೀಸ್ ಮುಗಿಸಿ ಬಂದು ಆಕಾಶ ನೋಡುವುದು ಹೇಗೆ

ದಿನವಿಡೀ ಸ್ಕ್ರೀನ್ ಮುಂದೆ ಕೂತು ಕೆಲಸ ಮಾಡುವವರು ಯಾವುದಾದರೂ ಒಂದು ಹವ್ಯಾಸ ಹೇಳಿ ಅಂತ ಕೇಳಿದರೆ ನಾನು ಆಕಾಶ ನೋಡಿ ಅನ್ನುತ್ತೇನೆ. ಕಾರಣ ದೊಡ್ಡದೇನಲ್ಲ. ಇದಕ್ಕೆ ಕ್ಲಾಸ್ ಇಲ್ಲ, ಫೀಸ್ ಇಲ್ಲ, ಜೊತೆಗೆ ಯಾರಾದರೂ ಬೇಕೇ ಬೇಕು ಅಂತಲೂ ಇಲ್ಲ. ನೀವು ಮನೆಗೆ ಬರುವ ಹೊತ್ತಿಗೇ ಇದೂ ಶುರುವಾಗುತ್ತದೆ. ಒಂದು ವಾರ ತಪ್ಪಿಸಿಕೊಂಡರೂ ಕೇಳುವವರಿಲ್ಲ, ನಿಮ್ಮ ಸ್ಟ್ರೀಕ್ ಮುರಿಯಿತು ಅಂತ ಲುಬ್ಧಕ ನಕ್ಷತ್ರ ನೋಟಿಫಿಕೇಶನ್ ಕಳಿಸುವುದಿಲ್ಲ.

ಸಪ್ತರ್ಷಿ ಮಂಡಲ ಯಾವ ಕಡೆ ಇದೆ ಅಂತಲೂ ಗೊತ್ತಿಲ್ಲದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ದಿನಕ್ಕೆ ಹದಿನೈದು ನಿಮಿಷ ಸಾಕು. ತಾರಸಿ ಇದ್ದರೆ ಒಳ್ಳೆಯದು, ಬಾಲ್ಕನಿ ಇದ್ದರೂ ನಡೆಯುತ್ತದೆ. ಬಾಲ್ಕನಿಯಿಂದ ಆಕಾಶದ ಒಂದು ಪಾಲಷ್ಟೇ ಕಾಣುತ್ತದೆ, ಆದರೆ ಆ ಒಂದು ಪಾಲಿನ ಮೇಲೆಯೇ ವರ್ಷವಿಡೀ ಬೇರೆ ಬೇರೆ ನಕ್ಷತ್ರಗಳು ಹಾದುಹೋಗುತ್ತವೆ.

ಮೊದಲ ವರ್ಷ ಟೆಲಿಸ್ಕೋಪ್ ಬೇಡ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉತ್ಸಾಹ ಬಂದ ರಾತ್ರಿಯೇ ಆರ್ಡರ್ ಮಾಡಿಬಿಡುವವರು ಜಾಸ್ತಿ. 500 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಡಬ್ಬದ ಮೇಲೆ ಬರೆದಿರುವ ಚಿಕ್ಕ ಟೆಲಿಸ್ಕೋಪನ್ನಂತೂ ಮುಟ್ಟಲೇಬೇಡಿ. ಟೆಲಿಸ್ಕೋಪಿನ ಮುಂದಿನ ಗಾಜು ಎಷ್ಟು ಮಿಲಿಮೀಟರ್ ಅಗಲ ಇದೆಯೋ ಅದರ ಎರಡರಷ್ಟು ಪಟ್ಟು, ಅಲ್ಲಿಗೆ ಅದರ ಶಕ್ತಿ ಮುಗಿಯಿತು. 60 ಮಿಲಿಮೀಟರ್ ಗಾಜು ಅಂದರೆ 120 ಪಟ್ಟು. ಅದಕ್ಕಿಂತ ಮೇಲೆ ಎಳೆದರೆ ಮಸುಕು ದೊಡ್ಡದಾಗುತ್ತದೆ, ಅಷ್ಟೇ. ಇನ್ನು ಅದರ ಜೊತೆ ಬರುವ ಸ್ಟ್ಯಾಂಡ್ ಎಷ್ಟು ತೆಳ್ಳಗಿರುತ್ತದೆ ಅಂದರೆ, ಫೋಕಸ್ ಸರಿ ಮಾಡಲು ಕೈಯಿಟ್ಟರೆ ಗುರು ಗ್ರಹ ಕುಣಿಯಲು ಶುರು ಮಾಡುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಒಂದಿದೆ. ಟೆಲಿಸ್ಕೋಪ್ ತೋರಿಸುವುದು ಆಕಾಶದ ಒಂದು ಚೂರನ್ನು ಮಾತ್ರ. ಎತ್ತ ತಿರುಗಿಸಬೇಕು ಅಂತ ಗೊತ್ತಿಲ್ಲದವರ ಕೈಯಲ್ಲಿ ಅದು ಎರಡು ಸಲ ಚಂದ್ರನನ್ನು ತೋರಿಸಿ ಅಟ್ಟ ಸೇರುತ್ತದೆ. ಆಕಾಶದ ದಾರಿ ಮೊದಲು ಬರಿಗಣ್ಣಿಗೆ ಅಭ್ಯಾಸವಾಗಲಿ.

ಚಂದ್ರನಿಂದ ಶುರು ಮಾಡಿ

ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ, ಸೂರ್ಯ ಮುಳುಗಿದ ಮೇಲೆ ಪಶ್ಚಿಮಕ್ಕೆ ನೋಡಿ. ತೆಳುವಾದ ಚಂದ್ರ ಇರುತ್ತಾನೆ. ಆ ಗೆರೆಯ ಪಕ್ಕದಲ್ಲಿ ಉಳಿದ ಚಂದ್ರನೂ ಮಂಕಾಗಿ, ಬೂದು ಬಣ್ಣದಲ್ಲಿ ಕಾಣುತ್ತಾನೆ. ಅದು ಭೂಮಿಯ ಬೆಳಕು. ಸೂರ್ಯನ ಬಿಸಿಲು ನಮ್ಮ ಮೋಡ, ಸಮುದ್ರಗಳ ಮೇಲೆ ಬಿದ್ದು, ಅಲ್ಲಿಂದ ಚಂದ್ರನಿಗೆ ಹೋಗಿ, ಮತ್ತೆ ನಮ್ಮ ಕಣ್ಣಿಗೆ ವಾಪಸ್ ಬಂದಿರುವುದು.

ಮಾರನೆಯ ದಿನ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಿಲ್ಲಿ. ಚಂದ್ರ ಸ್ವಲ್ಪ ಮೇಲೆ, ಸ್ವಲ್ಪ ಪೂರ್ವಕ್ಕೆ ಸರಿದಿರುತ್ತಾನೆ, ಸ್ವಲ್ಪ ದಪ್ಪಗೂ ಆಗಿರುತ್ತಾನೆ. ನಕ್ಷತ್ರಗಳ ನಡುವೆ ಅವನು ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಹೋಗುತ್ತಾನೆ, ಹಾಗಾಗಿ ದಿನಾ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಒಂದು ವಾರಕ್ಕೆ ಅರ್ಧ ಚಂದ್ರ. ಸಂಜೆ ಅಷ್ಟು ಹೊತ್ತಿಗೆ ಎತ್ತರದಲ್ಲಿ ಇರುತ್ತಾನೆ, ಮಧ್ಯರಾತ್ರಿಯ ಸುಮಾರಿಗೆ ಮುಳುಗುತ್ತಾನೆ. ಕೆಲಸದಿಂದ ಮನೆಗೆ ಬರುವವರಿಗೆ ಇದಕ್ಕಿಂತ ಅನುಕೂಲದ ಚಂದ್ರ ಇಲ್ಲ. ಹುಣ್ಣಿಮೆ ಸುಮ್ನೆ ಹೆಸರು ಮಾಡಿದೆ, ನೋಡಲು ಅಂಥ ವಿಶೇಷ ಏನಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವತ್ತು ಬಿಸಿಲು ನೇರವಾಗಿ ಬೀಳುವುದರಿಂದ ನೆರಳೇ ಇರುವುದಿಲ್ಲ, ಚಂದ್ರ ಚಪ್ಪಟೆಯಾಗಿ ಕಾಣುತ್ತಾನೆ. ಅರ್ಧ ಚಂದ್ರನಲ್ಲಿ ಬೆಳಕು ಮತ್ತು ಕತ್ತಲೆ ಸೇರುವ ಗೆರೆ ಇದೆಯಲ್ಲ, ಅಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಸಾಧಾರಣ ಬೈನಾಕ್ಯುಲರ್ ಸಿಕ್ಕರೂ ಆ ಗೆರೆಯನ್ನೇ ನೋಡಿ.

ಚಂದ್ರ ಸರಿಯುವುದನ್ನು ಒಂದೇ ರಾತ್ರಿಯಲ್ಲೂ ಹಿಡಿಯಬಹುದು. ಗಂಟೆಗೆ ಅವನು ತನ್ನ ಅಗಲದಷ್ಟು ದೂರ ಹೋಗುತ್ತಾನೆ. ಪೂರ್ವದ ಕಡೆ, ಅಂದರೆ ಬೆಳೆಯುವ ಚಂದ್ರನ ಕತ್ತಲೆ ಅಂಚಿನ ಹತ್ತಿರ, ಒಂದು ನಕ್ಷತ್ರ ಇದ್ದರೆ ಅವತ್ತು ಒಳಗೆ ಹೋಗಬೇಡಿ. ಅಂಚು ನಿಮಗೆ ಕಾಣುವುದಿಲ್ಲ, ನಕ್ಷತ್ರ ಮಾತ್ರ ಕಾಣುತ್ತಿರುತ್ತದೆ. ಹತ್ತಿರ, ಇನ್ನೂ ಹತ್ತಿರ, ಆಮೇಲೆ ಇಲ್ಲ. ಮಂಕಾಗುತ್ತಾ ಹೋಗುವುದಿಲ್ಲ. ಸ್ವಿಚ್ ಒತ್ತಿದ ಹಾಗೆ ಒಂದು ಕ್ಷಣದಲ್ಲಿ ಮಾಯ. ಚಂದ್ರನಲ್ಲಿ ಗಾಳಿಯಿಲ್ಲ, ಅದಕ್ಕೇ ಹೀಗೆ. ಗಾಳಿಯ ಪದರ ಇದ್ದಿದ್ದರೆ ಬೆಳಕು ಅದರೊಳಗೆ ನುಗ್ಗಿ ನಿಧಾನಕ್ಕೆ ಕುಂದುತ್ತಿತ್ತು. ಯಾವ ದಿನ ಯಾವ ನಕ್ಷತ್ರ ಹೀಗೆ ಮರೆಯಾಗುತ್ತದೆ ಅಂತ ಆಕಾಶದ ಸಾಫ್ಟ್‌ವೇರ್‌ಗಳು ಮೊದಲೇ ಹೇಳುತ್ತವೆ, ಕ್ಯಾಲೆಂಡರಿನಲ್ಲಿ ಹಾಕಿಟ್ಟುಕೊಳ್ಳಿ.

ಕಣ್ಣಿಗೆ ಇಪ್ಪತ್ತು ನಿಮಿಷ ಕೊಡಿ

ಬೆಳಕಿನ ಕೋಣೆಯಿಂದ ಹೊರಗೆ ಬಂದು, ಮೇಲೆ ನೋಡಿ, ಇಲ್ಲೇನೂ ಕಾಣುವುದಿಲ್ಲ ಅಂತ ಎರಡೇ ನಿಮಿಷಕ್ಕೆ ಒಳಗೆ ಹೋಗುವವರೇ ಜಾಸ್ತಿ. ಕತ್ತಲೆಗೆ ಒಗ್ಗಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಮೊದಲ ಐದು ನಿಮಿಷದಲ್ಲಿ ಎಣಿಸಿದ ನಕ್ಷತ್ರಗಳನ್ನು ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಈ ಮಧ್ಯೆ ಫೋನ್ ತೆಗೆದು ಒಂದು ಮೆಸೇಜ್ ನೋಡಿದರೆ ಕಥೆ ಮುಗಿಯಿತು, ಮತ್ತೆ ಮೊದಲಿನಿಂದ. ಫೋನ್ ಬೇಕೇ ಬೇಕಾದರೆ ಬ್ರೈಟ್‌ನೆಸ್ ತಳಕ್ಕೆ ಇಳಿಸಿ, ಸ್ಕ್ರೀನನ್ನು ಕೆಂಪು ಮಾಡುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಕತ್ತಲೆಯಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗುವುದಿಲ್ಲ. ಇಪ್ಪತ್ತು ನಿಮಿಷ ಕೊಡಲು ಆಗದ ದಿನ ಚಂದ್ರ, ಗ್ರಹ, ದೊಡ್ಡ ನಕ್ಷತ್ರಗಳನ್ನು ಮಾತ್ರ ನೋಡಿ. ಅವುಗಳಿಗೆ ಇದರ ಹಂಗಿಲ್ಲ.

ನಗರದ ಬೆಳಕಿನ ಬಗ್ಗೆ ಎಲ್ಲರೂ ಗೊಣಗುತ್ತಾರೆ, ನ್ಯಾಯವೇ. ಆದರೆ ಆಕಾಶವೆಲ್ಲ ಮಬ್ಬಾಗಿರುವುದಕ್ಕಿಂತ ಕಣ್ಣಿಗೆ ನೇರವಾಗಿ ಹೊಡೆಯುವ ಒಂದು ಬೀದಿದೀಪ ಜಾಸ್ತಿ ಹಾಳು ಮಾಡುತ್ತದೆ. ನೀರಿನ ಟ್ಯಾಂಕ್ ಮರೆಗೋ, ಗೋಡೆಯ ಮರೆಗೋ ನಿಂತು ಆ ದೀಪ ತಪ್ಪಿಸಿಕೊಳ್ಳಿ. ತಾರಸಿಯ ಅಂಚಿನಿಂದ ದೂರ ಇರಿ, ಮೇಲೆ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುವುದು ನಿಮಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಚಿಕ್ಕ ಉಪಾಯ. ಮಂಕಾದ ವಸ್ತುವನ್ನು ನೇರವಾಗಿ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಿನ ನಟ್ಟನಡುವಿನ ಭಾಗದಲ್ಲಿ ಕತ್ತಲೆಯಲ್ಲಿ ನೋಡುವ ಕೋಶಗಳು ಇರುವುದೇ ಇಲ್ಲ, ಅವು ಸುತ್ತಲೂ ಇರುತ್ತವೆ. ಕೃತ್ತಿಕಾ ಗುಂಪಿನ ಮೇಲೆ ಇದನ್ನು ಮಾಡಿ ನೋಡಿ. ನೇರ ದಿಟ್ಟಿಸಿದಾಗ ನಾಲ್ಕೈದು ಚುಕ್ಕೆ ಕಂಡರೆ, ಪಕ್ಕಕ್ಕೆ ದೃಷ್ಟಿ ಸರಿಸಿದ ಕೂಡಲೇ ಇನ್ನೂ ಒಂದೆರಡು ಎದ್ದು ಬರುತ್ತವೆ. ಅವುಗಳನ್ನು ಹಿಡಿಯಲು ಮತ್ತೆ ನೇರ ನೋಡಿದರೆ ಮಾಯವಾಗುತ್ತವೆ. ಚೆನ್ನಾಗಿ ಆಟ ಆಡಿಸುತ್ತವೆ.

ಕೈಯೇ ಅಳತೆಗೋಲು

ತೋಳು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ, ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ 1 ಡಿಗ್ರಿ. ಚಂದ್ರ ಅರ್ಧ ಡಿಗ್ರಿ ಮಾತ್ರ. ಅಂದರೆ ನಿಮ್ಮ ಕಿರುಬೆರಳು ಎರಡು ಚಂದ್ರರನ್ನು ಮುಚ್ಚುತ್ತದೆ, ಹುಟ್ಟುವಾಗ ಎಷ್ಟೇ ದೊಡ್ಡದಾಗಿ ಕಂಡರೂ ಸರಿ. ಚಿಕ್ಕವರ ಕೈ ಚಿಕ್ಕದು, ತೋಳೂ ಗಿಡ್ಡ, ಹಾಗಾಗಿ ಲೆಕ್ಕ ಎಲ್ಲರಿಗೂ ಸರಿಹೋಗುತ್ತದೆ.

ಮೇಲೆ ಧ್ರುವ ನಕ್ಷತ್ರ ಕಂಡಾಗ, ದಿಗಂತದಿಂದ ಅದು ಎಷ್ಟು ಮುಷ್ಟಿ ಎತ್ತರ ಇದೆ ಅಂತ ಅಳೆಯಿರಿ. ಅದೇ ನೀವು ನಿಂತಿರುವ ಊರಿನ ಅಕ್ಷಾಂಶ. ಮ್ಯಾಪ್ ತೆರೆದು ತಾಳೆ ನೋಡಿ. ಭೂಮಧ್ಯರೇಖೆಗೆ ಹತ್ತಿರ ಇದ್ದಷ್ಟೂ ಅದು ಕೆಳಗೆ ಇಳಿಯುತ್ತದೆ, ಮರ ಕಟ್ಟಡಗಳ ಹಿಂದೆ ಅಡಗುತ್ತದೆ. ಧ್ರುವ ಎಲ್ಲಕ್ಕಿಂತ ಪ್ರಕಾಶಮಾನ ಅಂತ ಅಂದುಕೊಂಡವರು ತುಂಬ ಜನ. ಅಲ್ಲ, ಅದು ಸಾಧಾರಣ ಎರಡನೇ ದರ್ಜೆಯ ನಕ್ಷತ್ರ. ಅಲುಗಾಡದೆ ಇರುವುದೇ ಅದರ ವಿಶೇಷ.

ಒಂದು ಗುಂಪು ಹಿಡಿಯಿರಿ, ಅದೇ ಉಳಿದದ್ದನ್ನು ತೋರಿಸುತ್ತದೆ

ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಆಕಾಶವನ್ನು 88 ನಕ್ಷತ್ರಪುಂಜಗಳಾಗಿ ಹಂಚಿದೆ. ಎಂಬತ್ತೆಂಟನ್ನೂ ಬಾಯಿಪಾಠ ಮಾಡಲು ಹೊರಟರೆ ಮೂರನೇ ದಿನಕ್ಕೆ ಬೇಜಾರು ಬರುತ್ತದೆ. ಒಂದನ್ನು ಗಟ್ಟಿ ಮಾಡಿಕೊಂಡು ಅಲ್ಲಿಂದ ನಡೆಯಿರಿ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಂಜೆ ಶುರು ಮಾಡುವವರಿಗೆ ಮಹಾವ್ಯಾಧನೇ ಗುರು, ಬೇಟೆಗಾರನ ಆಕಾರದ ಪುಂಜ ಇದು, ಆ್ಯಪ್‌ಗಳಲ್ಲಿ ಓರಿಯನ್. ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಮೂರು ನಕ್ಷತ್ರ, ಅದು ಅವನ ಸೊಂಟದ ಪಟ್ಟಿ. ಅದರ ಒಂದು ಕಡೆ ಕೆಂಪಗೆ ಇರುವುದು ಆರ್ದ್ರಾ, ಆ್ಯಪ್‌ಗಳಲ್ಲಿ ಬೀಟಲ್‌ಜ್ಯೂಸ್. ಎದುರು ಕಡೆ ನೀಲಿ ಬಿಳಿ ರೀಗೆಲ್. ನಕ್ಷತ್ರಗಳಿಗೆ ಬಣ್ಣ ಇದೆ ಅನ್ನುವುದು ಈ ಎರಡನ್ನು ಒಂದಾದ ಮೇಲೊಂದು ನೋಡಿದಾಗ ತಟ್ಟನೆ ಹೊಳೆಯುತ್ತದೆ. ಕೆಂಪು ಅಂದರೆ ಮೇಲ್ಮೈ ಕಡಿಮೆ ಬಿಸಿ, ನೀಲಿ ಅಂದರೆ ಜಾಸ್ತಿ ಬಿಸಿ. ಆರ್ದ್ರಾ 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ಸಿಡಿದೇ ಬಿಡುತ್ತದೆ ಅಂತ ಎಲ್ಲ ಕಡೆ ಗುಲ್ಲೆದ್ದಿತು. ಆಮೇಲೆ ನೋಡಿದರೆ, ನಕ್ಷತ್ರವೇ ಉಗುಳಿದ ಧೂಳು ಅಡ್ಡ ಬಂದಿತ್ತು.

ಈಗ ಪಟ್ಟಿಯ ಗೆರೆಯನ್ನು ಎರಡೂ ಕಡೆ ಎಳೆಯಿರಿ. ಆಗ್ನೇಯದ ಕಡೆ ಹೋದರೆ ಲುಬ್ಧಕ, ರಾತ್ರಿ ಆಕಾಶದ ನಕ್ಷತ್ರಗಳಲ್ಲೇ ಅತಿ ಪ್ರಕಾಶಮಾನ. ತಗ್ಗಿನಲ್ಲಿದ್ದಾಗ ಕೆಂಪು, ಹಸಿರು, ನೀಲಿ ಅಂತ ಮಿಣುಕುತ್ತಿರುತ್ತದೆ, ವಿಮಾನವೋ ಡ್ರೋನೋ ಅನ್ನಿಸುವಷ್ಟು. ಆ ಬಣ್ಣಗಳ ಆಟವೆಲ್ಲ ನಮ್ಮ ಗಾಳಿಯದು, ನಕ್ಷತ್ರದ್ದಲ್ಲ. ವಾಯವ್ಯದ ಕಡೆ ಹೋದರೆ ಕಿತ್ತಳೆ ಬಣ್ಣದ ರೋಹಿಣಿ, ಅದನ್ನೂ ದಾಟಿ ಹೋದರೆ ಪುಟ್ಟ ಗುಂಪಾಗಿ ಕೃತ್ತಿಕಾ. ಮೂರು ನಕ್ಷತ್ರ ಹಿಡಿದದ್ದಕ್ಕೆ ಆರು ಹೆಸರು ಬಂತು. ಪಟ್ಟಿಯ ಕೆಳಗೆ ತೂಗುವ ಕತ್ತಿಯ ನಡುವೆ ಒಂದು ಚುಕ್ಕೆ ಮಸುಕಾಗಿ ಕಂಡರೆ ಕಣ್ಣಿನ ದೋಷ ಅಂದುಕೊಳ್ಳಬೇಡಿ. ಅದು ಸುಮಾರು 1,300 ಜ್ಯೋತಿರ್ವರ್ಷ ದೂರದ ಅನಿಲದ ಮೋಡ, ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

ಮಾರ್ಚ್‌ನಿಂದ ಜೂನ್‌ವರೆಗೆ, ಉತ್ತರಾರ್ಧ ಗೋಳದಲ್ಲಿ ಇರುವವರಿಗೆ, ಸಂಜೆ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಚೌಕದ ಹೊರ ಬದಿಯ ಎರಡು ನಕ್ಷತ್ರಗಳ ಗೆರೆಯನ್ನು ಐದು ಪಟ್ಟು ಮುಂದೆ ಎಳೆದರೆ ಧ್ರುವ. ಹಿಡಿಕೆಯ ಬಾಗನ್ನು ಹಾಗೇ ಮುಂದುವರಿಸಿದರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ. ಹಿಡಿಕೆಯ ನಡುವಿನ ವಸಿಷ್ಠನ ಪಕ್ಕ ಅರುಂಧತಿ ಕಾಣುತ್ತಾಳೋ ಅಂತಲೂ ನೋಡಿ. ಕಂಡರೆ ಅವತ್ತಿನ ಆಕಾಶವೂ ಚೆನ್ನಾಗಿದೆ, ನಿಮ್ಮ ಕನ್ನಡಕದ ನಂಬರೂ ಸರಿಯಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದಲ್ಲಿ ವೃಶ್ಚಿಕ. ಹೆಸರಿಗೆ ತಕ್ಕ ಆಕಾರ ಇರುವ ಕೆಲವೇ ಪುಂಜಗಳಲ್ಲಿ ಇದೂ ಒಂದು, ಕೊಂಡಿ ಸಮೇತ. ಎದೆಯಲ್ಲಿ ಕೆಂಪು ಜ್ಯೇಷ್ಠಾ. ಮಹಾವ್ಯಾಧ ಮತ್ತು ವೃಶ್ಚಿಕ ಆಕಾಶದ ಎದುರುಬದುರು ತುದಿಯಲ್ಲಿವೆ, ಒಂದು ಏಳುವ ಹೊತ್ತಿಗೆ ಇನ್ನೊಂದು ಮುಳುಗಿರುತ್ತದೆ. ಅದಾದ ಮೇಲೆ ಅಭಿಜಿತ್, ಶ್ರವಣ, ಹಂಸ ಮೂರೂ ಸೇರಿದ ದೊಡ್ಡ ತ್ರಿಕೋನ. ಉಳಿದದ್ದನ್ನು ನೀವೇ ಹುಡುಕಿಕೊಳ್ಳುತ್ತೀರಿ.

ಒಂದು ಲೆಕ್ಕ ಮಾತ್ರ ನೆನಪಿರಲಿ. ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತದೆ, ತಿಂಗಳಿಗೆ 2 ಗಂಟೆ. ಈ ತಿಂಗಳು ರಾತ್ರಿ 11ಕ್ಕೆ ಕಂಡ ಆಕಾಶ ಮುಂದಿನ ತಿಂಗಳು 9ಕ್ಕೇ ಸಿಗುತ್ತದೆ. ಪ್ರಾಜೆಕ್ಟ್ ಡೆಡ್‌ಲೈನ್ ಅಂತ ಒಂದು ತಿಂಗಳು ತಲೆಯೆತ್ತಿ ನೋಡಲು ಆಗಲಿಲ್ಲ ಅಂದುಕೊಳ್ಳಿ, ತಪ್ಪಿಹೋದದ್ದು ಹೆಚ್ಚೇನಿಲ್ಲ. ಸ್ವಲ್ಪ ಪಶ್ಚಿಮಕ್ಕೆ ನೋಡಿ, ಅಷ್ಟೇ.

ಗ್ರಹಗಳು

ಮಿಣುಕದೆ ಸ್ಥಿರವಾಗಿ ಉರಿಯುತ್ತಿದ್ದರೆ ಅದು ಬಹುತೇಕ ಗ್ರಹ. ಚಂದ್ರ ಮತ್ತು ಸೂರ್ಯ ಹೋಗುವ ದಾರಿಯಲ್ಲೇ ಅವೂ ಇರುತ್ತವೆ, ಆ ದಾರಿ ಬಿಟ್ಟು ಬೇರೆಲ್ಲೂ ಹುಡುಕುವ ಕೆಲಸವಿಲ್ಲ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ, ಇಲ್ಲವೇ ಹುಟ್ಟುವ ಮೊದಲು ಪೂರ್ವದಲ್ಲಿ ಕಣ್ಣು ಕುಕ್ಕುವ ಹಾಗೆ ಇರುವುದು ಶುಕ್ರ. ಅದು ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದಿಲ್ಲ. ಹಾಗಾಗಿ ಮಧ್ಯರಾತ್ರಿ ನೆತ್ತಿಯ ಮೇಲೆ ಹೊಳೆಯುವುದು ಶುಕ್ರ ಅಂತ ಯಾರಾದರೂ ಹೇಳಿದರೆ ಅದು ಗುರು ಇರಬೇಕು. ಮಂಗಳ ಸುಮಾರು 26 ತಿಂಗಳಿಗೊಮ್ಮೆ ನಮಗೆ ಹತ್ತಿರ ಬಂದು ಕೆಂಪಗೆ ಹೊಳೆಯುತ್ತದೆ, 2025ರ ಜನವರಿ, 2027ರ ಫೆಬ್ರವರಿ, ಹೀಗೆ. ಮಧ್ಯದ ತಿಂಗಳುಗಳಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಬುಧ ಎಲ್ಲಕ್ಕಿಂತ ಕಷ್ಟ, ಸೂರ್ಯನ ಪಕ್ಕ ಬಿಟ್ಟು ಕದಲುವುದಿಲ್ಲ. ಬೈನಾಕ್ಯುಲರ್ ಹಿಡಿದು ಬುಧನನ್ನು ಹುಡುಕುವವರು ಸೂರ್ಯ ಪೂರ್ತಿ ಮುಳುಗುವವರೆಗೆ ಕಾಯಲೇಬೇಕು. ಬೈನಾಕ್ಯುಲರ್ ಮೂಲಕ ಸೂರ್ಯ ಒಂದು ಕ್ಷಣ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು, ಇದರಲ್ಲಿ ಉದಾಸೀನ ಬೇಡ.

ಶನಿ ಒಂದು ಸುತ್ತು ಹಾಕಲು 29 ವರ್ಷ ಚಿಲ್ಲರೆ ತೆಗೆದುಕೊಳ್ಳುತ್ತದೆ. ಮೂವತ್ತರ ಹತ್ತಿರ ಇರುವವರು ನೋಡಿ, ನೀವು ಹುಟ್ಟಿದಾಗ ಅದು ಯಾವ ನಕ್ಷತ್ರಗಳ ನಡುವೆ ಇತ್ತೋ ಈಗ ಹೆಚ್ಚುಕಡಿಮೆ ಅಲ್ಲಿಗೇ ಬಂದಿದೆ. ಇದು ಜ್ಯೋತಿಷ್ಯ ಅಲ್ಲ, ಹೆದರಬೇಡಿ.

ನನಗೆ ಅತ್ಯಂತ ಇಷ್ಟದ ಅಭ್ಯಾಸ ಅಂದರೆ ಗುರುವಿನ ಚಂದ್ರಗಳನ್ನು ಗುರುತು ಹಾಕುವುದು. ಇದಕ್ಕೆ ಬೈನಾಕ್ಯುಲರ್ ಬೇಕು, ಸ್ಟ್ಯಾಂಡ್ ಇಲ್ಲದಿದ್ದರೆ ಮೊಣಕೈಯನ್ನು ಗೋಡೆಯ ಮೇಲೆ ಊರಿ. ಗುರುವಿನ ಎರಡೂ ಬದಿಗೆ ಒಂದೇ ಗೆರೆಯಲ್ಲಿ ಸೂಜಿ ಮೊನೆಯಷ್ಟು ಚುಕ್ಕೆಗಳು ಕಾಣುತ್ತವೆ. ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ ಬರೆಯಿರಿ, ಎಡಕ್ಕೆ ಎಷ್ಟು ಚುಕ್ಕೆ, ಬಲಕ್ಕೆ ಎಷ್ಟು, ಎಷ್ಟು ದೂರದಲ್ಲಿ, ಅಷ್ಟೇ. ಮಾರನೆಯ ರಾತ್ರಿ ಅದರ ಕೆಳಗೆ ಇನ್ನೊಂದು ಸಾಲು. ಹತ್ತು ಸಾಲು ಆಗುವ ಹೊತ್ತಿಗೆ ಚುಕ್ಕೆಗಳು ಆ ಕಡೆ ಈ ಕಡೆ ಓಡಾಡುವುದು ಹಾಳೆಯ ಮೇಲೇ ಕಾಣುತ್ತದೆ. ಗೆಲಿಲಿಯೊ 1610ರ ಜನವರಿ 7ರಂದು ಹೀಗೇ ನೋಡಿದಾಗ ಅವನಿಗೆ ಕಂಡದ್ದು ಮೂರು. ನಾಲ್ಕನೆಯದು ಕಂಡದ್ದು 13ಕ್ಕೆ. ನಿಮಗೂ ಒಂದು ದಿನ ಮೂರು, ಒಂದು ದಿನ ಎರಡೇ ಕಾಣಬಹುದು, ಉಳಿದವು ಗುರುವಿನ ಮುಂದೋ ಹಿಂದೋ ಇರುತ್ತವೆ, ಇಲ್ಲವೇ ಅದರ ಪ್ರಭೆಯಲ್ಲಿ ಮುಳುಗಿರುತ್ತವೆ. ಒಳಗಿನ ಅಯೊ ಎರಡು ದಿನಕ್ಕೂ ಮೊದಲೇ ಒಂದು ಸುತ್ತು ಮುಗಿಸುತ್ತದೆ, ಹೊರಗಿನ ಕ್ಯಾಲಿಸ್ಟೊಗೆ ಹದಿನಾರು ದಿನದ ಮೇಲೆ ಬೇಕು.

ಬೈನಾಕ್ಯುಲರ್ ಕೊಳ್ಳುವವರಿಗೆ ಎರಡು ಮಾತು. ಅದರ ಮೇಲೆ 10 ಇಂಟು 50 ಅಂತ ಇದ್ದರೆ 10 ಪಟ್ಟು ದೊಡ್ಡದು, ಮುಂದಿನ ಗಾಜು 50 ಮಿಲಿಮೀಟರ್ ಅಂತ ಅರ್ಥ. ಕೈ ನಡುಗುವವರಿಗೆ 7 ಇಂಟು 50 ಉತ್ತಮ, ಪಟ್ಟು ಜಾಸ್ತಿಯಾದಷ್ಟೂ ನಡುಕವೂ ಜಾಸ್ತಿ. ಮೊದಲು ಯಾರದಾದರೂ ಎರವಲು ತಂದು ನೋಡಿ.

ಗುರಿ ಇಟ್ಟುಕೊಳ್ಳುವುದಾದರೆ

ಆಫೀಸಿನಲ್ಲಿ ಇರುವ ಟಾರ್ಗೆಟ್‌ಗಳು ಸಾಲದೇ ಅನ್ನಿಸಬಹುದು. ಆದರೂ ಒಂದು ವರ್ಷಕ್ಕೆ ಪುಟ್ಟ ಪಟ್ಟಿ ಇದ್ದರೆ ತಾರಸಿ ಹತ್ತಲು ನೆಪ ಸಿಗುತ್ತದೆ. ನನ್ನ ಸಲಹೆ: ನೋಡಿದ ಕೂಡಲೇ ಹೆಸರು ಹೇಳುವಷ್ಟು ಹನ್ನೆರಡು ನಕ್ಷತ್ರ, ಅಂದರೆ ತಿಂಗಳಿಗೊಂದು. ಬುಧ, ಶುಕ್ರ, ಮಂಗಳ, ಗುರು, ಶನಿ ಐದೂ ಬರಿಗಣ್ಣಿಗೆ. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಚಂದ್ರನ ಪೂರ್ತಿ ಸುತ್ತು, ಅದು 29 ಚಿಲ್ಲರೆ ದಿನ. ಮತ್ತೆ ಒಂದು ಉಲ್ಕಾವರ್ಷ. ಡಿಸೆಂಬರ್ 13–14ರ ರಾತ್ರಿಯ ಜೆಮಿನಿಡ್ಸ್ ಕೆಲಸಕ್ಕೆ ಹೋಗುವವರಿಗೆ ಒಳ್ಳೆಯದು, ರಾತ್ರಿ ಹತ್ತರ ಸುಮಾರಿಗೇ ಚುರುಕಾಗುತ್ತದೆ. ಆಗಸ್ಟ್ 12–13ರ ಪರ್ಸಿಡ್ಸ್‌ಗೆ ಮಧ್ಯರಾತ್ರಿ ದಾಟಬೇಕು. ಎರಡಕ್ಕೂ ಯಾವ ಉಪಕರಣವೂ ಬೇಡ, ಚಾಪೆ ಹಾಸಿ ಮಲಗಿ. ಆ ವರ್ಷ ಹುಣ್ಣಿಮೆ ಹತ್ತಿರ ಇದ್ದರೆ ಬಿಟ್ಟುಬಿಡಿ, ಚಂದ್ರ ಎಲ್ಲವನ್ನೂ ನುಂಗುತ್ತಾನೆ.

ಪಟ್ಟಿಗೆ ಇನ್ನೊಂದನ್ನು ಸೇರಿಸಿ, ನಿಮ್ಮ ವಯಸ್ಸಿನ ನಕ್ಷತ್ರ. ಅಭಿಜಿತ್ ನಮ್ಮಿಂದ ಸುಮಾರು 25 ಜ್ಯೋತಿರ್ವರ್ಷ ದೂರ. ನಿಮಗೆ ಈಗ 25 ಆಗಿದ್ದರೆ, ಇವತ್ತು ಕಣ್ಣಿಗೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟಾಗ ನೀವು ಆಗ ತಾನೇ ಹುಟ್ಟಿದ್ದಿರಿ. ಪುನರ್ವಸುವಿನ ಪ್ರಕಾಶಮಾನ ನಕ್ಷತ್ರ ಪೊಲಕ್ಸ್ 34, ಸ್ವಾತಿ 37, ಬ್ರಹ್ಮಹೃದಯ 43. ಮಧ್ಯದ ವಯಸ್ಸಿನವರು ಕಾಯಬೇಕು, ಇಲ್ಲವೇ ಮಂಕಾದ ನಕ್ಷತ್ರ ಹುಡುಕಬೇಕು. ಲುಬ್ಧಕ 8.6. ಆ ಬೆಳಕು ಹೊರಟಾಗ ನೀವು ಎಲ್ಲಿದ್ದಿರಿ, ಯಾವ ಕಾಲೇಜು, ಯಾವ ಕೆಲಸ, ಲೆಕ್ಕ ಹಾಕಿ ನೋಡಿ, ಮಜಾ ಇರುತ್ತದೆ.

ಎಲ್ಲವನ್ನೂ ಬರೆದಿಡಿ. ದಿನಾಂಕ, ಗಂಟೆ, ಎಲ್ಲಿಂದ, ಏನು ಕಂಡಿತು, ಒಂದು ಸಾಲು ಸಾಕು. "ಮೋಡ, ಏನೂ ಇಲ್ಲ" ಅಂತ ಬರೆದ ಸಾಲಿಗೂ ಬೆಲೆ ಇದೆ. ಆ್ಯಪ್ ಬಳಸಿ, ಬೇಡ ಅನ್ನುವುದಿಲ್ಲ. ಸ್ಟೆಲೇರಿಯಂ ಕಂಪ್ಯೂಟರಿಗೆ ಉಚಿತವಾಗಿ ಸಿಗುತ್ತದೆ, ಸಂಜೆ ಆಕಾಶ ಹೇಗಿರುತ್ತದೆ ಅಂತ ಹಗಲೇ ನೋಡಿಟ್ಟುಕೊಳ್ಳಬಹುದು. ಆದರೆ ಫೋನನ್ನು ಆಕಾಶಕ್ಕೆ ಹಿಡಿದು ಅದು ಹೇಳಿದ ಹೆಸರು ಓದುತ್ತಾ ಹೋದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ. ಮೊದಲು ಊಹಿಸಿ, ಆಮೇಲೆ ಆ್ಯಪ್‌ನಲ್ಲಿ ತಾಳೆ ನೋಡಿ. ಫೋಟೊ ಬೇಕಾದರೆ ಫೋನನ್ನು ಗೋಡೆಗೆ ಒರಗಿಸಿ, ನೈಟ್ ಮೋಡ್ ಮತ್ತು ಟೈಮರ್ ಹಾಕಿ, ಕೈ ತೆಗೆಯಿರಿ. ಮಹಾವ್ಯಾಧ ಸಲೀಸಾಗಿ ಬರುತ್ತಾನೆ.

ಒಂದು ವರ್ಷ ಆದ ಮೇಲೆ: ಆಲ್ಗಾಲ್

ಪಟ್ಟಿ ಮುಗಿಸಿದವರಿಗೆ ನಾನು ಕೊಡುವ ಮುಂದಿನ ಕೆಲಸ ಇದು. ಡಬ್ಲ್ಯು ಆಕಾರದ ಕುಂತಿಯ ಹತ್ತಿರ ಪಾರ್ಥ ಅನ್ನುವ ಪುಂಜ ಇದೆ, ಆ್ಯಪ್‌ನಲ್ಲಿ ಪರ್ಸಿಯಸ್. ಅದರ ಎರಡನೇ ಪ್ರಕಾಶಮಾನ ನಕ್ಷತ್ರ ಆಲ್ಗಾಲ್. ನವೆಂಬರಿನಿಂದ ಫೆಬ್ರವರಿವರೆಗೆ ಸಂಜೆ ಚೆನ್ನಾಗಿ ಕಾಣುತ್ತದೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು ಮಂಕಾಗುತ್ತದೆ. ಸುಮಾರು ಐದು ಗಂಟೆ ಕುಗ್ಗುತ್ತಾ ಹೋಗಿ, ಮೂರನೇ ಒಂದು ಪಾಲಿಗೂ ಸ್ವಲ್ಪ ಕಡಿಮೆಗೆ ಇಳಿದು, ಮತ್ತೆ ಐದು ಗಂಟೆಯಲ್ಲಿ ಮೊದಲಿನ ಹಾಗೆ. ಕಾಣುವುದು ಒಂದು ಚುಕ್ಕೆಯಾದರೂ ಅಲ್ಲಿ ಇರುವುದು ಒಂದನ್ನೊಂದು ಸುತ್ತುವ ನಕ್ಷತ್ರಗಳು, ಮಂಕಾದದ್ದು ಪ್ರಕಾಶಮಾನದ ಮುಂದೆ ಅಡ್ಡ ಬರುತ್ತದೆ. ಅದರ ಅವಧಿಯನ್ನು ಲೆಕ್ಕ ಹಾಕಿ, ಏನೋ ಒಂದು ಕಪ್ಪು ಕಾಯ ಅಡ್ಡ ಬರುತ್ತಿರಬಹುದು ಅಂತ 1783ರಲ್ಲಿ ಹೇಳಿದವನು ಜಾನ್ ಗುಡ್ರಿಕ್. ಆಗ ಅವನಿಗೆ 18 ವರ್ಷ, ಕಿವಿ ಕೇಳಿಸುತ್ತಿರಲಿಲ್ಲ. ಬರಿಗಣ್ಣಿಗೆ ಕಾಣುವ ನಕ್ಷತ್ರವನ್ನು ರಾತ್ರಿ ರಾತ್ರಿ ನೋಡಿ ಗುರುತು ಹಾಕಿಕೊಂಡೇ ಅವನು ಅಲ್ಲಿಗೆ ಮುಟ್ಟಿದ್ದು.

ಮಾಡುವುದು ಹೀಗೆ. ಅದು ಅತಿ ಮಂಕಾಗುವ ಹೊತ್ತನ್ನು ಮೊದಲು ನೆಟ್‌ನಲ್ಲಿ ಹುಡುಕಿ. ಉದಾಹರಣೆಗೆ ನಿಮ್ಮ ಗಡಿಯಾರದಲ್ಲಿ ರಾತ್ರಿ 11 ಅಂತ ಇಟ್ಟುಕೊಳ್ಳಿ. ಪಕ್ಕದ ದ್ರೌಪದಿ ಪುಂಜದ ತುದಿಯ ನಕ್ಷತ್ರ ಅಲ್ಮಾಕ್ ಹೋಲಿಕೆಗೆ ಸರಿಯಾಗಿದೆ, ಮಾಮೂಲಿ ದಿನ ಎರಡೂ ಒಂದೇ ಸಮ ಇರುತ್ತವೆ. ಅವತ್ತು 7ಕ್ಕೆ ಒಂದು ಸಲ ನೋಡಿ, ಆಮೇಲೆ ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಅಲ್ಮಾಕ್‌ಗಿಂತ ಎಷ್ಟು ಕಡಿಮೆ ಅಂತ ಬರೆಯಿರಿ. ಮಧ್ಯೆ ಊಟ ಮಾಡಿ, ಪಾತ್ರೆ ತೊಳೆಯಿರಿ, ತೊಂದರೆಯಿಲ್ಲ. ಮೋಡ ಬಂದು ಕೆಟ್ಟರೆ ಮೂರನೇ ದಿನ ಮತ್ತೆ ಅವಕಾಶ ಇದೆ, 3 ಗಂಟೆ 11 ನಿಮಿಷ ಬೇಗ, ಅಂದರೆ ರಾತ್ರಿ 7:49ಕ್ಕೆ. ಅವತ್ತು ಸಂಜೆ ಮೀಟಿಂಗ್ ಒಪ್ಪಿಕೊಳ್ಳಬೇಡಿ.